ಹೆಣ ಇಲ್ಲದ ಪತ್ತೇದಾರಿ ಕತೆ

ಕತೆ ಕಳಿಸಿದ ಹದಿನೈದು ದಿನಕ್ಕೆ ಒಬ್ಬ ಸಂಪಾದಕರು ಫೋನ್ ಮಾಡಿದರು. "ಬರವಣಿಗೆ ಚೆನ್ನಾಗಿದೆ ಮೇಡಂ. ಆದ್ರೆ ಪತ್ತೇದಾರಿ ಅಂತೀರಿ, ಒಂದು ಕೊಲೆಯೂ ಇಲ್ವಲ್ಲ?"

"ಸರ್, ನಮ್ಮ ಕಾಸರಗೋಡಿನ ಬದಿಯಡ್ಕ ಕಡೆ ಕೊಲೆ ಮಾಡಿ ಅಡಗಿಸಲು ಆಗುವುದಿಲ್ಲ. ಹೆಣ ಬೀಳುವ ಮೊದಲೇ ನಾಲ್ಕು ಮನೆಗೆ ಸುದ್ದಿ ಮುಟ್ಟಿರ್ತದೆ" ಅಂದೆ. ಅವರು ನಕ್ಕರು. ಕತೆ ಮಾತ್ರ ವಾಪಸ್ ಬಂತು.

ತಮಾಷೆಗೆ ಹೇಳಿದ್ದಲ್ಲ ಅದು. ಇಂಗ್ಲಿಷಿನಲ್ಲಿ ಇಂಥ ಕತೆಗಳಿಗೆ ಕೋಜಿ ಮಿಸ್ಟರಿ ಅಂತಾರೆ. ಸಣ್ಣ ಊರು, ಪೊಲೀಸ್ ಅಲ್ಲದ ಒಬ್ಬ ಹೆಂಗಸು, ಕಣ್ಣಿಗೆ ರಕ್ತ ಕಾಣಿಸದ ಅಪರಾಧ, ನಡುನಡುವೆ ಚಾ ತಿಂಡಿ. ನಿಯಮ ಒಂದೇ ಗಟ್ಟಿ: ಪತ್ತೆ ಮಾಡುವವಳಿಗೆ ಸಿಕ್ಕ ಸುಳಿವೆಲ್ಲ ಓದುವವರಿಗೂ ಸಿಗಬೇಕು. ಕೊನೇ ಪುಟದಲ್ಲಿ ದುಬೈಯಿಂದ ಅವಳಿ ತಮ್ಮನನ್ನು ಇಳಿಸುವ ಹಾಗಿಲ್ಲ. ಇದನ್ನು ನಮ್ಮೂರಿಗೆ ತರುವುದು ಸುಲಭ ಅಂದುಕೊಂಡಿದ್ದೆ. ಹೆಂಗಸರಿಗೆ ಎಲ್ಲರ ಮನೆ ವಿಷಯ ಗೊತ್ತು, ಅಷ್ಟು ಸಾಕಲ್ವಾ? ಬರೆಯಲು ಕೂತ ಮೇಲೆ ಗೊತ್ತಾಯಿತು, ಕಷ್ಟ ಅಲ್ಲೇ ಇರುವುದು. ಎಲ್ಲರಿಗೂ ಎಲ್ಲ ಗೊತ್ತಿರುವ ಊರಿನಲ್ಲಿ ಗುಟ್ಟು ಇಡುವುದು ಎಲ್ಲಿ?

ಅಪರಾಧ ಸಣ್ಣದೇ ಇರಲಿ ಅಂತ ಮೊದಲೇ ತೀರ್ಮಾನಿಸಿದ್ದೆ. ಉಪನಯನಕ್ಕೆ ಎಂಟು ದಿನ ಇರುವಾಗ ಮಾವಿನ ಮಿಡಿ ಉಪ್ಪಿನಕಾಯಿಯ ಭರಣಿ ಒಂದು ಕಾಣೆ. ಹೊರಗಿನವರಿಗೆ ಇದು ನಗು. ನಮ್ಮ ಕಡೆ ಇದು ಮಾನದ ಪ್ರಶ್ನೆ.

ಪತ್ತೇದಾರರು ಮೂವರು. ಹೆಸರೇ ಇಡಲಿಲ್ಲ, ಊರಲ್ಲಿ ಕರೆಯುವ ಹಾಗೆ ಟೀಚರು, ಟೈಲರಕ್ಕ, ಹರಿತಕ್ಕ. ಟೀಚರು ಕನ್ನಡ ಶಾಲೆಯಿಂದ ನಿವೃತ್ತಿಯಾದವರು. ಮಲಯಾಳ ಮಾತಾಡುತ್ತಾರೆ, ಓದಲು ಬರುವುದಿಲ್ಲ. 1956ರಲ್ಲಿ ಕಾಸರಗೋಡು ಕೇರಳಕ್ಕೆ ಸೇರಿದ ಮೇಲೆ ಇಂಥವರು ನಮ್ಮಲ್ಲಿ ಎಷ್ಟೋ ಮಂದಿ. ಹಾಗಾಗಿ ಮಲಯಾಳದಲ್ಲಿ ಬರೆದ ಒಂದು ಚೀಟಿ ಸಿಕ್ಕರೂ ಅವರು ಹರಿತಕ್ಕನನ್ನು ಹುಡುಕಿಕೊಂಡು ಹೋಗಬೇಕು. ಇದರಿಂದ ನನಗೆ ಒಳ್ಳೇದೇ ಆಯಿತು. ಒಬ್ಬಳೇ ಎಲ್ಲ ಕಂಡುಹಿಡಿಯುವ ಜಾಣೆಯ ಕತೆ ನನಗೆ ಸುಮ್ನೆ ಬೇಜಾರು.

ಹರಿತಕ್ಕ ಹರಿತ ಕರ್ಮ ಸೇನೆಯವಳು. ಗೊತ್ತಿಲ್ಲದವರಿಗೆ ಹೇಳ್ತೇನೆ: ಕೇರಳದ ಪಂಚಾಯತುಗಳಲ್ಲಿ ಮನೆಮನೆಗೆ ಹೋಗಿ ಪ್ಲಾಸ್ಟಿಕ್ ಕಸ ಸಂಗ್ರಹಿಸುವ ಹೆಂಗಸರ ತಂಡ ಅದು. ಪತ್ತೇದಾರಿಕೆಗೆ ಇದಕ್ಕಿಂತ ಒಳ್ಳೆಯ ಉದ್ಯೋಗ ಇಲ್ಲ. ಯಾರ ಮನೆಗೆ ಎಷ್ಟು ಹಾಲಿನ ಪ್ಯಾಕೆಟು, ಯಾರು ಮಿಕ್ಸ್ಚರ್ ಕದ್ದು ತಿನ್ನುತ್ತಾರೆ, ಯಾವ ಮನೆಗೆ ಹೊಸದಾಗಿ ಮಾತ್ರೆಯ ಖಾಲಿ ಸ್ಟ್ರಿಪ್ ಬರಲು ಶುರುವಾಗಿದೆ, ಎಲ್ಲ ಅವಳ ಚೀಲದಲ್ಲಿ ಉಂಟು. ಮಾತ್ರೆಯ ವಿಷಯ ನೆನಪಿಟ್ಟುಕೊಳ್ಳಿ.

ಮೂವರೂ ಸೇರುವುದು ಕುಟುಂಬಶ್ರೀಯ, ಅಂದರೆ ಕೇರಳದ ಹೆಂಗಸರ ಸ್ವಸಹಾಯ ಗುಂಪಿನ, ವಾರದ ಕೂಟದಲ್ಲಿ. ಉಳಿತಾಯದ ಲೆಕ್ಕ ಬರೆದು ಮುಗಿದು, ಪಾಸ್ ಪುಸ್ತಕ ಮುಚ್ಚಿದ ಮೇಲೆ ಇವರ ನಿಜವಾದ ಮೀಟಿಂಗು ಶುರು.

ಹಾದಿ ತಪ್ಪಿಸುವ ಸುಳಿವಿಗೆ ನಾನು ಕಷ್ಟಪಡಲೇ ಇಲ್ಲ. ಏಳು ಭಾಷೆಯ ಊರು ಅಂತ ಹೆಸರು ಉಂಟಲ್ಲ, ಅದೇ ಸಾಕು. ಟೈಲರಕ್ಕ ಬಸ್ಸಿನಲ್ಲಿ ಒಬ್ಬ ಹುಡುಗ ಫೋನಿನಲ್ಲಿ "ಉಪ್ಪಿಲಿಟ್ಟದ್ ಉಂಡು" ಅಂದದ್ದನ್ನು ಕೇಳುತ್ತಾಳೆ. ಮಲಯಾಳದಲ್ಲಿ ಉಪ್ಪಿನಲ್ಲಿ ಹಾಕಿಟ್ಟದ್ದು ಉಂಟು ಅಂತ ಅರ್ಥ. ಕಳ್ಳ ಸಿಕ್ಕಿದ! ಎರಡು ಅಧ್ಯಾಯ ಅವನ ಹಿಂದೆ ಓಡಿದ ಮೇಲೆ ತಿಳಿಯುತ್ತದೆ, ಪಾಪ, ಅವನದ್ದು ಗಾಡಿ ಅಂಗಡಿ. ನೆಲ್ಲಿಕಾಯಿ, ಅನಾನಸು ಉಪ್ಪುನೀರಿನಲ್ಲಿ ಹಾಕಿ ಮಾರುವುದು.

ನಾನು ಎಡವಿದ್ದು ಮುಖ್ಯ ಸುಳಿವಿನಲ್ಲಿ. ಮೊದಲ ಸಲ ಬರೆದಾಗ ಕಳ್ಳನ ತುಟಿ ಸೊನೆ ತಾಗಿ ಸುಟ್ಟಿತ್ತು. ಟೀಚರು ತುಟಿ ನೋಡಿ ಹಿಡಿಯುತ್ತಾರೆ. ನನಗೆ ಅದು ತುಂಬಾ ಹಿಡಿಸಿತ್ತು. ಅತ್ತೆಗೆ ಓದಿ ಹೇಳಿದೆ. ಅವರು ಸೊಪ್ಪು ಹೆಚ್ಚುವುದನ್ನು ನಿಲ್ಲಿಸಿದರು.

"ಎಂತ ಕೂಸೇ ಇದು? ತಿಂಗಳುಗಟ್ಲೆ ಉಪ್ಪಿನಲ್ಲಿ ಕೂತು ಚಿರುಟಿದ ಮಿಡಿ ಯಾರ ತುಟಿ ಸುಡ್ತದೆ? ಸುಡುವುದು ಮರದಿಂದ ಕೊಯ್ದ ಹಸಿ ಮಿಡಿ."

ನನ್ನ ಮೂವತ್ತು ಪುಟ ಅಲ್ಲಿಗೆ ಮುಗಿಯಿತು. ಈ ಕತೆ ಓದುವವರಲ್ಲಿ ಅರ್ಧದಷ್ಟು ಮಂದಿ ಅತ್ತೆಯಂಥವರೇ ಇರ್ತಾರೆ. ಅವರನ್ನು ಉಪ್ಪಿನಕಾಯಿಯ ವಿಷಯದಲ್ಲಿ ಮೋಸ ಮಾಡಲು ಆಗುತ್ತದಾ?

ಎರಡು ದಿನ ಬರೆಯಲಿಲ್ಲ. ಮೂರನೇ ದಿನ ಅತ್ತೆಯನ್ನೇ ಕೇಳಿದೆ, "ಭರಣಿ ಹಾಳಾಗುವುದು ಯಾವಾಗ?" ಅವರ ಉತ್ತರ ಗೊತ್ತಿದ್ದದ್ದೇ: ನೀರು ತಾಗಿದರೆ. ಒದ್ದೆ ಕೈ ಹಾಕಿದರೆ, ಒದ್ದೆ ಸೌಟು ಹಾಕಿದರೆ, ಬಾಯಿಗೆ ಕಟ್ಟಿದ ಬಟ್ಟೆಗೆ ಪಸೆ ಆದರೆ. ಮೇಲೆ ಬೂಷ್ಟು ಕಟ್ಟುತ್ತದೆ.

ಹಾಗಾದರೆ ಸಿಕ್ಕಿದ ಭರಣಿಯಲ್ಲಿ ಬೂಷ್ಟು ಇರಲಿ. ಆದರೆ ಕತೆ ನಡೆಯುವುದು ಮೇ ತಿಂಗಳಲ್ಲಿ. ಮಳೆ ಇಲ್ಲ, ಬಾವಿಯ ತಳ ಕಾಣುತ್ತದೆ. ಭರಣಿಯ ಬಾಯಿಬಟ್ಟೆ ಒದ್ದೆಯಾದದ್ದು ಹೇಗೆ? ಆ ಬಿಸಿಲಲ್ಲೂ ನೀರು ತೊಟ್ಟಿಕ್ಕುವ ಜಾಗ ನಮ್ಮಲ್ಲಿ ಒಂದೇ. ನೀರಿಗಾಗಿ ಗುಡ್ಡ ಕೊರೆದು ಮಾಡಿದ ಸುರಂಗ.

ಟಾರ್ಚ್ ಹಿಡಿದು ಮನೆಯ ಹಿಂದಿನ ಸುರಂಗಕ್ಕೆ ಹೋದೆ. ಮದುವೆಯಾಗಿ ಬಂದು ಇಷ್ಟು ವರ್ಷವಾದರೂ ಒಳಗೆ ಹೋಗಿರಲಿಲ್ಲ. ಮುರಕಲ್ಲಿನ, ಅಂದರೆ ಕೆಂಪು ಜಂಬಿಟ್ಟಿಗೆಯ, ಗುಡ್ಡವನ್ನು ಅಡ್ಡಕ್ಕೆ ಕೊರೆದದ್ದು, ಒಬ್ಬರು ಹೋಗುವಷ್ಟೇ ಅಗಲ. ಎದುರಿಂದ ಇನ್ನೊಬ್ಬರು ಬಂದರೆ ಯಾರಾದರೂ ಹಿಂದೆ ಹೋಗಬೇಕು. ಕಾಲಡಿ ತಣ್ಣನೆ ನೀರು, ತಲೆ ಮೇಲೆ ಬಾವಲಿ. ಹತ್ತು ಹೆಜ್ಜೆಗೆ ಕುತ್ತಿಗೆಯ ಮೇಲೆ ಒಂದು ಹನಿ ಬಿತ್ತು. ನಾನು ಕೂಗಿದೆ, ಬಾವಲಿ ಹಾರಿತು, ಟಾರ್ಚ್ ನೀರಿಗೆ ಬಿತ್ತು. ಕತ್ತಲಲ್ಲಿ ಗೋಡೆ ಸವರಿಕೊಂಡು ಹೊರಗೆ ಬಂದಾಗ ಎರಡೂ ಅಂಗೈ, ಸೀರೆಯ ಒಂದು ಮಗ್ಗುಲು ಕೆಂಪು. ಮೂರು ಸಲ ಒಗೆದರೂ ಆ ಕಲೆ ಹೋಗಲಿಲ್ಲ.

ಸೀರೆ ಹಾಳಾಯಿತು, ಸುಳಿವು ಸಿಕ್ಕಿತು. ಈಗ ಎರಡನೇ ಅಧ್ಯಾಯದಲ್ಲೇ ಟೈಲರಕ್ಕನ ಹತ್ತಿರ ಒಂದು ಬಿಳಿ ಅಂಗಿ ಹೊಲಿಗೆ ಬಿಚ್ಚಿಕೊಂಡು ಬರುತ್ತದೆ. ಅವಳು ಹೊಲಿಯುತ್ತಾ ಬಯ್ಯುತ್ತಾಳೆ, "ಭುಜಕ್ಕೆ ಇದೆಂತ ಕೆಂಪು ಮಣ್ಣು? ಗೋಡೆಗೆ ಉಜ್ಜಿಕೊಂಡು ನಡೀತಾರಾ ಇವರು?" ಓದುವವರು ಅದನ್ನು ಬೈಗುಳ ಅಂತ ದಾಟಿ ಮುಂದೆ ಹೋಗುತ್ತಾರೆ. ಸುಳಿವನ್ನು ಬೈಗುಳದಲ್ಲಿ, ಅಡುಗೆಯಲ್ಲಿ, ಬಸ್ಸಿನ ಕಾಯುವಿಕೆಯಲ್ಲಿ ಹುಗಿದಿಡುವುದು ನಾನು ಕಂಡುಕೊಂಡ ಉಪಾಯ. ಹೆಂಗಸರ ಮಾತನ್ನು ಕಿವಿಗೆ ಹಾಕಿಕೊಳ್ಳದವರು ಮನೆಯಲ್ಲೂ ಇದ್ದಾರೆ, ಓದುವವರಲ್ಲೂ ಇದ್ದಾರೆ. ಅಲ್ಲಿ ಇಟ್ಟದ್ದು ಭದ್ರ.

ಊರಿಗೆಲ್ಲ ಎಲ್ಲ ಗೊತ್ತಿರುವ ತೊಂದರೆಯೂ ಇಲ್ಲೇ ಬಗೆಹರಿಯಿತು. ಅಂಗಿ ಒಬ್ಬಳಿಗೆ ಗೊತ್ತು, ಮಾತ್ರೆ ಇನ್ನೊಬ್ಬಳಿಗೆ. ಐದು ಭರಣಿಗಳಲ್ಲಿ ಹೋದದ್ದು ತೀರಾ ಸಣ್ಣದು ಅಂತ ಗಮನಿಸಿದವರು ಟೀಚರು. ಮಾರುವ ಕಳ್ಳನಾದರೆ ದೊಡ್ಡದನ್ನು ಬಿಡುತ್ತಿದ್ದನೇ? ಇದು ತಿನ್ನುವ ಕಳ್ಳ. ಅದೂ ಭಾರ ಎತ್ತಲಾಗದವರು. ಸುದ್ದಿ ಎಲ್ಲರ ಹತ್ತಿರ ಇತ್ತು, ಚೂರು ಚೂರಾಗಿ.

ಕಳ್ಳ ಯಾರು ಅಂತ ನಾನು ಹೇಳುವುದಿಲ್ಲ. ಡಾಕ್ಟರು ಉಪ್ಪು ಬಿಡಿ ಅಂದ ಮೇಲೆ ದಿನಾ ಬೆಳಿಗ್ಗೆ "ನೀರು ಎಷ್ಟುಂಟು ನೋಡಿ ಬರ್ತೇನೆ" ಅಂತ ಗುಡ್ಡದ ಕಡೆ ಹೋಗುವವರು ನಿಮ್ಮ ಮನೆಯಲ್ಲೂ ಇರಬಹುದು.

ತಿದ್ದಿ ಬರೆದದ್ದನ್ನು ಮೊನ್ನೆ ಅತ್ತೆಗೆ ಓದಿ ಹೇಳಿದೆ. ಈ ಸಲ ತಪ್ಪು ಸಿಗಲಿಲ್ಲ. ಜಗಲಿಯಲ್ಲಿ ಅಡಿಕೆ ಸುಲಿಯುತ್ತಿದ್ದ ಮಾವ ಮಾತ್ರ ತಲೆ ಎತ್ತದೆ ಹೇಳಿದರು, "ಅವ ಭರಣಿಯನ್ನು ಹನಿ ಬೀಳುವಲ್ಲಿ ಯಾಕೆ ಇಟ್ಟ? ಬಾಯಿಯಿಂದ ನಾಲ್ಕು ಮಾರು ಒಳಗೆ, ಎಡಕ್ಕೆ, ದೀಪ ಇಡುವ ಗೂಡುಂಟು. ಅಲ್ಲಿ ಒಂದು ಹನಿ ಬೀಳುವುದಿಲ್ಲ."

ಅತ್ತೆ ಏನೂ ಮಾತಾಡಲಿಲ್ಲ. ಕತ್ತಿ ಕೆಳಗಿಟ್ಟು, ಟಾರ್ಚ್ ಎಲ್ಲಿ ಅಂತ ಕೇಳಿದರು.