ಇಲಿಮರಿಗಳ ಮಿದುಳಿನ ಲಿಪಿಡ್ ಮತ್ತು ಥೈರಾಯ್ಡ್ ಹಾರ್ಮೋನ್: ನನ್ನ ಅನುಭವ

ಇಲಿಮರಿಯ ಇಡೀ ಮಿದುಳನ್ನು ಅರೆದು, ಅದರ ಲಿಪಿಡ್‌ಗಳನ್ನು (ಕೊಬ್ಬಿನಂಥ ವಸ್ತುಗಳನ್ನು) ಚುಕ್ಕೆಗಳಾಗಿ ಬೇರ್ಪಡಿಸುವ ಟಿಎಲ್‌ಸಿ (ತೆಳುಪದರ ಕ್ರೊಮ್ಯಾಟೋಗ್ರಫಿ) ಫಲಕದ ಮೇಲೆ ಓಡಿಸಿದರೆ ಥೈರಾಯ್ಡ್ ಕೊರತೆಯ ಪರಿಣಾಮ ಕಾಣಿಸದು, ಅದಕ್ಕೆ ಅಣುಗಳ ತೂಕ ಅಳೆಯುವ ಮಾಸ್ ಸ್ಪೆಕ್ಟ್ರೋಮೀಟರೇ ಬೇಕು ಎಂದು ನನಗೆ ಹೇಳಿದವರು ಒಬ್ಬಿಬ್ಬರಲ್ಲ. ಈಗ ಆ ಪರಿಣಾಮ ಬರಿಗಣ್ಣಿಗೇ ಕಾಣುತ್ತಿದೆ.

ಮೊದಮೊದಲು ನಾವು ಒಟ್ಟು ಫಾಸ್ಫೊಲಿಪಿಡ್ (ರಂಜಕವುಳ್ಳ ಲಿಪಿಡ್) ಅಳೆಯುತ್ತಿದ್ದೆವು. ಅದು ಎಲ್ಲ ಜೀವಕೋಶಗಳ ಪೊರೆಯಲ್ಲೂ ಇರುವುದರಿಂದ ನರತಂತುಗಳ ಸುತ್ತಲಿನ ಕೊಬ್ಬಿನ ಹೊದಿಕೆಯಾದ ಮೈಲಿನ್‌ನಲ್ಲಾದ ವ್ಯತ್ಯಾಸ ಅದರಲ್ಲಿ ಮುಳುಗಿಹೋಗುತ್ತಿತ್ತು. ಹೊರಗೆ ಲಿಪಿಡೊಮಿಕ್ಸ್ (ಎಲ್ಲ ಲಿಪಿಡ್‌ಗಳನ್ನೂ ಒಟ್ಟಿಗೆ ಅಳೆಯುವ ಪರೀಕ್ಷೆ) ಮಾಡಿಸಲು ವರ್ಷದ ಅನುದಾನದ ಮೂರರಲ್ಲೊಂದು ಪಾಲು ಖರ್ಚಾಯಿತು. ಬಂದ ಉದ್ದನೆಯ ಪಟ್ಟಿಯಲ್ಲಿ ಗುಂಪು ಗುಂಪುಗಳ ಅಂತರಕ್ಕಿಂತ ಒಂದೇ ಸೂಲಿನ ಮರಿಗಳ ನಡುವಿನ ಅಂತರವೇ ಹೆಚ್ಚಾಗಿತ್ತು. ಅಲ್ಲಿಂದ ಮುಂದೆ ಮೈಲಿನ್‌ನಲ್ಲಿ ಹೇರಳವಾಗಿರುವ ಸಕ್ಕರೆಯುಳ್ಳ ಲಿಪಿಡ್‌ಗಳಾದ ಸೆರೆಬ್ರೊಸೈಡ್ ಮತ್ತು ಸಲ್ಫಟೈಡ್‌ಗಳನ್ನು ಮಾತ್ರ, ಅದೂ ಮೈಲಿನ್ ಭರದಿಂದ ಕೂಡಿಕೊಳ್ಳುವ, ಹುಟ್ಟಿದ 20ನೇ ದಿನದ ಆಸುಪಾಸಿನಲ್ಲಿ, ನೋಡುವುದೆಂದು ನಿಶ್ಚಯಿಸಿದೆ.

ದೊಡ್ಡ ತಲೆನೋವೆಂದರೆ ಹಸಿವಿನದು. ಥೈರಾಯ್ಡ್ ಹಾರ್ಮೋನ್ ತಯಾರಾಗದಂತೆ ತಡೆಯಲು ತಾಯಿಗೆ ಕೊಡುವ ಪಿಟಿಯು (ಪ್ರೊಪೈಲ್‌ಥಯೋಯುರಾಸಿಲ್) ಔಷಧಿ ಬೆರೆಸಿದ ನೀರು ಕಹಿ. ತಾಯಿ ಕಡಿಮೆ ಕುಡಿಯುತ್ತದೆ, ಹಾಲು ಇಳಿಯುತ್ತದೆ, ಮರಿಗಳು ಸಣಕಲಾಗುತ್ತವೆ. ಇದು ಹಾರ್ಮೋನಿನ ಪರಿಣಾಮವೋ ಬರೀ ಅಪೌಷ್ಟಿಕತೆಯೋ ಎಂಬ ಪ್ರಶ್ನೆ ನ್ಯಾಯವಾದದ್ದೇ. ಅದಕ್ಕಾಗಿ ಪ್ರತಿ ತಾಯಿಗೆ 8 ಮರಿಗಳನ್ನಷ್ಟೇ ಬಿಟ್ಟು, ಪಿಟಿಯು ತಾಯಂದಿರು ತಿಂದಷ್ಟೇ ಆಹಾರವನ್ನು ತೂಗಿ ಕೊಟ್ಟ ಮೂರನೆಯ ಗುಂಪೊಂದನ್ನು ಸಾಕಿದೆ. ನೆನಪಿನಿಂದ ಹೇಳುವುದಾದರೆ, ಆ ಗುಂಪಿನಲ್ಲಿ ಸೆರೆಬ್ರೊಸೈಡ್ ಶೇ. 10ರಷ್ಟು ಇಳಿದಿದ್ದರೆ ಪಿಟಿಯು ಮರಿಗಳಲ್ಲಿ ಶೇ. 35–40ರಷ್ಟು ಇಳಿದಿತ್ತು. ಇದಾದ ಮೇಲೆ ಹಸಿವಿನ ಮಾತನ್ನು ಯಾರೂ ಎತ್ತಲಿಲ್ಲ.

ಲಿಪಿಡ್ ತೆಗೆಯುವುದು ಎಂದಿನ 2:1 ಕ್ಲೋರೋಫಾರ್ಮ್–ಮೆಥನಾಲ್‌ನಲ್ಲೇ. ಆಮೇಲೆ ಸೌಮ್ಯ ಕ್ಷಾರದಲ್ಲಿಟ್ಟರೆ ಎಸ್ಟರ್ ಬಂಧದ ಫಾಸ್ಫೊಲಿಪಿಡ್‌ಗಳು ಒಡೆಯುತ್ತವೆ, ಅಮೈಡ್ ಬಂಧದ ಸೆರೆಬ್ರೊಸೈಡ್ ಉಳಿಯುತ್ತದೆ. ಕ್ಷಾರದಲ್ಲಿ ಎಷ್ಟು ಹೊತ್ತು ಬಿಡುತ್ತೇನೆ, ತೊಳೆಯುವಾಗ ನಡುವೆ ನಿಲ್ಲುವ ಬಿಳಿ ಪದರವನ್ನು ಹೇಗೆ ನಿವಾರಿಸುತ್ತೇನೆ ಎಂಬುದು ಸದ್ಯಕ್ಕೆ ನನ್ನಲ್ಲೇ ಇರಲಿ. ಫಲಕಕ್ಕೆ ಸಕ್ಕರೆಯುಳ್ಳ ಲಿಪಿಡ್‌ಗಳಿಗೆ ಬಣ್ಣ ಬರಿಸುವ ಆರ್ಸಿನಾಲ್ ಸಿಂಪಡಿಸಿ ಬಿಸಿ ಮಾಡಿದಾಗ ಸೆರೆಬ್ರೊಸೈಡ್ ಜೋಡಿ ನೇರಳೆ ಚುಕ್ಕೆಗಳಾಗಿ ಮೂಡುತ್ತದೆ. ಕೆಳಗಿನದು ಹೈಡ್ರಾಕ್ಸಿ ಕೊಬ್ಬಿನಾಮ್ಲ ಉಳ್ಳದ್ದು. ಪಿಟಿಯು ಮರಿಗಳ ಸಾಲಿನಲ್ಲಿ ಈ ಎರಡೂ ಮಂಕಾಗಿರುತ್ತವೆ.

ಪ್ರತಿ ಮರಿಯ ರಕ್ತದಲ್ಲಿ ಥೈರಾಯ್ಡ್ ಹಾರ್ಮೋನಾದ ಥೈರಾಕ್ಸಿನ್ ಅಳೆಸುವ ಖರ್ಚನ್ನೂ ಉಳಿಸಿದೆ. ಸಾಮಾನ್ಯ ಮರಿಗಳು 12–14ನೇ ದಿನಕ್ಕೆ ಕಣ್ಣು ತೆರೆಯುತ್ತವೆ, ಕೊರತೆಯವು ಕೆಲವು ದಿನ ತಡವಾಗಿ. ಅದನ್ನು ದಿನವೂ ಬರೆದಿಟ್ಟುಕೊಂಡು, ಸೂಲಿಗೊಂದರಂತೆ ಮಾತ್ರ ರಕ್ತ ಪರೀಕ್ಷೆಗೆ ಕಳಿಸಿದೆ.

ಕುತೂಹಲಕ್ಕೆ ಹುಟ್ಟಿನಿಂದಲೇ ಹೆಚ್ಚುವರಿ ಥೈರಾಕ್ಸಿನ್ ಚುಚ್ಚಿಯೂ ನೋಡಿದೆ. ಕಣ್ಣು ಬೇಗ ತೆರೆದವು, 12ನೇ ದಿನಕ್ಕೆ ಸೆರೆಬ್ರೊಸೈಡ್ ಮುಂದಿತ್ತು, ಆದರೆ ತಿಂಗಳು ತುಂಬುವಷ್ಟರಲ್ಲಿ ಸಾಮಾನ್ಯ ಮರಿಗಳಿಗಿಂತ ಹಿಂದೆ ಬಿದ್ದಿತ್ತು. ಕಾರ್ಟಿಕೊಸ್ಟೆರಾನ್ (ಅಡ್ರಿನಲ್ ಗ್ರಂಥಿಯ ಒತ್ತಡದ ಹಾರ್ಮೋನ್) ಕೊಟ್ಟವುಗಳಲ್ಲಿ ಮಿದುಳೇ ಚಿಕ್ಕದಾದ್ದರಿಂದ ಪ್ರತಿ ಗ್ರಾಂ ಲೆಕ್ಕದಲ್ಲಿ ಏನೂ ತೋರಲಿಲ್ಲ, ಇಡೀ ಮಿದುಳಿನ ಲೆಕ್ಕದಲ್ಲಿ ಇಳಿಕೆ ತೋರಿತು. ಬೆಳೆದಂತೆ ಮಿದುಳಿನ ನೀರಿನಂಶವೂ ಇಳಿಯುವುದರಿಂದ ಹಸಿ ತೂಕವನ್ನು ನಂಬಿ ಕೂರಬಾರದೆಂದು ನಾನು ಒತ್ತಿ ಹೇಳುತ್ತೇನೆ; ಒಣ ತೂಕ ಮತ್ತು ಇಡೀ ಮಿದುಳು, ಎರಡೂ ಲೆಕ್ಕ ಬೇಕು. ಪಿಟಿಯು ಮರಿಗಳಿಗೆ ಮೊದಲ ವಾರದಿಂದಲೇ ಥೈರಾಕ್ಸಿನ್ ಕೊಟ್ಟಾಗ ಚುಕ್ಕೆಗಳು ಬಹುಮಟ್ಟಿಗೆ ಮರಳಿದವು. ಮೂರು ವಾರ ಕಳೆದ ಮೇಲೆ ಕೊಟ್ಟವುಗಳಲ್ಲಿ ಅಷ್ಟು ಮರಳಲಿಲ್ಲ.