ಸುರಕ್ಷತಾ ಕೋರ್ಸಿಗೆ ಸಿಎಸ್‌ಆರ್ ಹಣ: ಕಾಲೇಜು ಕೇಳುವುದು ಹೇಗೆ?

ಪವರ್ ಪ್ರೆಸ್‌ಗೆ ಬೆರಳು ಕೊಟ್ಟವರ, ಕಲ್ಲುಕ್ವಾರಿಯ ದೂಳಿನಿಂದ ಸಿಲಿಕೋಸಿಸ್ ಎಂಬ ಶ್ವಾಸಕೋಶದ ರೋಗ ಹತ್ತಿಸಿಕೊಂಡವರ ಸುದ್ದಿ ಒಳಪುಟದಲ್ಲಿ ನಾಲ್ಕು ಸಾಲಿಗೆ ಮುಗಿಯುತ್ತದೆ. ಇಂಥದ್ದನ್ನು ಮೊದಲೇ ತಡೆಯಬಲ್ಲ ಸುರಕ್ಷತಾ ಅಧಿಕಾರಿಗಳನ್ನು ತಯಾರು ಮಾಡುವ ಕೋರ್ಸು ನಡೆಸಬೇಕು, ಆದರೆ ದುಡ್ಡಿಲ್ಲ ಎನ್ನುವ ಕಾಲೇಜುಗಳಿಗಾಗಿ ಈ ಬರಹ. ದಾರಿ ಸಿಎಸ್‌ಆರ್, ಅಂದರೆ ಕಂಪನಿಗಳು ಸಾಮಾಜಿಕ ಹೊಣೆಗಾರಿಕೆಯೆಂದು ಲಾಭದಲ್ಲಿ ತೆಗೆದಿಡುವ ಹಣ.

ಬೇಡಿಕೆಯಂತೂ ಇದೆ. 1948ರ ಫ್ಯಾಕ್ಟರಿ ಕಾಯ್ದೆಯಲ್ಲಿ ಸಾಮಾನ್ಯವಾಗಿ 1000 ಕಾರ್ಮಿಕರಿದ್ದರೆ ಮಾತ್ರ ಸುರಕ್ಷತಾ ಅಧಿಕಾರಿ ಕಡ್ಡಾಯವಾಗಿತ್ತು. 2025ರ ನವೆಂಬರ್ 21ರಂದು ಅದರ ಜಾಗಕ್ಕೆ ಜಾರಿಗೆ ಬಂದ ಹೊಸ ಕಾರ್ಮಿಕ ಕಾನೂನು, ಸುರಕ್ಷತಾ ಸಂಹಿತೆ, ಈ ಮಿತಿಯನ್ನು 500ಕ್ಕೆ ಇಳಿಸಿತು. ಅಪಾಯಕಾರಿ ಪ್ರಕ್ರಿಯೆಯ ಕಾರ್ಖಾನೆ ಮತ್ತು ಕಟ್ಟಡ ಕಾಮಗಾರಿಗೆ 250, ಗಣಿಗೆ 100.

ಹಣ ಕೇಳಲು ಹೊರಡುವ ಮೊದಲು ಕೋರ್ಸಿನ ಮಾನ್ಯತೆ ನೋಡಿಕೊಳ್ಳಿ. ರಾಜ್ಯದ ಕಾರ್ಖಾನೆಗಳು, ಬಾಯ್ಲರುಗಳು, ಕೈಗಾರಿಕಾ ಸುರಕ್ಷತೆ ಮತ್ತು ಸ್ವಾಸ್ಥ್ಯ ಇಲಾಖೆ ಒಪ್ಪದ ಡಿಪ್ಲೊಮಾ ಕೈಯಲ್ಲಿ ಹಿಡಿದ ಹುಡುಗನನ್ನು ಯಾವ ಕಾರ್ಖಾನೆಯೂ ಆ ಹುದ್ದೆಗೆ ತೆಗೆದುಕೊಳ್ಳಲಾರದು. ಪಠ್ಯಕ್ರಮಕ್ಕೆ ಮಾದರಿ ಬೇಕಿದ್ದರೆ ಮುಂಬೈನ ಕೇಂದ್ರ ಕಾರ್ಮಿಕ ಸಂಸ್ಥೆ, ಚೆನ್ನೈನ ಪ್ರಾದೇಶಿಕ ಕಾರ್ಮಿಕ ಸಂಸ್ಥೆಗಳು ನಡೆಸುವ ಒಂದು ವರ್ಷದ ಡಿಪ್ಲೊಮಾ ಇದೆ.

ಎರಡನೆಯದು ಕಾಗದಪತ್ರ. ನಿಮ್ಮ ಟ್ರಸ್ಟ್ ಅಥವಾ ಸೊಸೈಟಿಗೆ ಆದಾಯ ತೆರಿಗೆ ವಿನಾಯಿತಿಯ 12ಎ, 80ಜಿ ನೋಂದಣಿ ಇರಬೇಕು, ಇಂಥ ಕೆಲಸದಲ್ಲಿ ಮೂರು ವರ್ಷದ ಅನುಭವ ಇರಬೇಕು. ಆಮೇಲೆ ಕಂಪನಿ ವ್ಯವಹಾರ ಸಚಿವಾಲಯದ ಪೋರ್ಟಲಿನಲ್ಲಿ ಸಿಎಸ್‌ಆರ್-1 ಫಾರಂ ತುಂಬಿ, ಆಡಿಟರ್ ಡಿಜಿಟಲ್ ಸಹಿ ಹಾಕಿಸಿದರೆ ನೋಂದಣಿ ಸಂಖ್ಯೆ ಸಿಗುತ್ತದೆ. ಅದಿಲ್ಲದಿದ್ದರೆ ಕಂಪನಿಯವರು ಚಹಾ ಕೊಟ್ಟು ಕಳಿಸುತ್ತಾರೆ, ಚೆಕ್ ಕೊಡುವುದಿಲ್ಲ.

ಯಾರನ್ನು ಕೇಳಬೇಕು? 2013ರ ಕಂಪನಿ ಕಾಯ್ದೆಯ 135ನೇ ಸೆಕ್ಷನ್ ಪ್ರಕಾರ ನಿವ್ವಳ ಸಂಪತ್ತು 500 ಕೋಟಿ, ವಹಿವಾಟು 1000 ಕೋಟಿ ಅಥವಾ ನಿವ್ವಳ ಲಾಭ 5 ಕೋಟಿ ರೂಪಾಯಿ, ಈ ಮೂರರಲ್ಲಿ ಒಂದು ಮುಟ್ಟಿದ ಕಂಪನಿಯೂ ಮೂರು ವರ್ಷದ ಸರಾಸರಿ ಲಾಭದ ಶೇ 2ರಷ್ಟು ಖರ್ಚು ಮಾಡಲೇಬೇಕು. ಎಲ್ಲರೂ ದೊಡ್ಡ ಹೆಸರಿನ ಬಾಗಿಲಲ್ಲೇ ಸಾಲು ನಿಲ್ಲುತ್ತಾರೆ. ನನ್ನ ಸಲಹೆ ಕೇಳಿದರೆ, ನಿಮ್ಮ ತಾಲ್ಲೂಕಿನ ಮಧ್ಯಮ ಕಂಪನಿ ಹಿಡಿಯಿರಿ. ವರ್ಷಕ್ಕೆ 50 ಲಕ್ಷದೊಳಗೆ ಖರ್ಚು ಮಾಡಬೇಕಾದ ಕಂಪನಿಗೆ ಪ್ರತ್ಯೇಕ ಸಿಎಸ್‌ಆರ್ ಸಮಿತಿಯೂ ಬೇಕಿಲ್ಲ, ಆಡಳಿತ ಮಂಡಳಿಯೇ ತೀರ್ಮಾನ ಮಾಡುತ್ತದೆ.

ಕಾಲೇಜುಗಳು ಎಡವುವುದು ಮುಂದಿನ ಹಂತದಲ್ಲಿ. ಕಂಪನಿಯನ್ನು ಒಲಿಸಿಕೊಳ್ಳಲು ‘ನಿಮ್ಮ ಸಿಬ್ಬಂದಿಗೂ ಇದೇ ಹಣದಲ್ಲಿ ತರಬೇತಿ ಕೊಡುತ್ತೇವೆ’ ಎಂದು ಬರೆದುಬಿಡುತ್ತಾರೆ. ಬರೆಯಬೇಡಿ. ಸ್ವಂತ ನೌಕರರಿಗೆ ಅನುಕೂಲವಾಗುವ ಖರ್ಚು, ಕಾನೂನಿನಂತೆ ಕಂಪನಿ ಹೇಗೂ ಮಾಡಲೇಬೇಕಾದ ಖರ್ಚು ಸಿಎಸ್‌ಆರ್ ಲೆಕ್ಕಕ್ಕೆ ಬರುವುದಿಲ್ಲ. ಸಿಬ್ಬಂದಿಯನ್ನು ಕಳಿಸುವುದಿದ್ದರೆ ಅವರ ಶುಲ್ಕವನ್ನು ಕಂಪನಿ ತನ್ನ ತರಬೇತಿ ಬಾಬತ್ತಿನಿಂದ ಕಟ್ಟಲಿ. ಅದಕ್ಕೆ ಬೇರೆ ರಸೀದಿ ಹಾಕಿ. ಪ್ರಸ್ತಾವದಲ್ಲಿ ಇರಬೇಕಾದವರು ಹೊರಗಿನ ವಿದ್ಯಾರ್ಥಿಗಳು. ಸಿಎಸ್‌ಆರ್ ಹಣ ಯಾವುದಕ್ಕೆ ಬಳಸಬಹುದೆಂದು ಪಟ್ಟಿ ಮಾಡುವ, ಕಂಪನಿ ಕಾಯ್ದೆಯ ಏಳನೇ ಅನುಸೂಚಿಯಲ್ಲಿರುವ ಶಿಕ್ಷಣ ಮತ್ತು ವೃತ್ತಿ ಕೌಶಲದ ಅಡಿ ಅದು ಸರಾಗವಾಗಿ ಕೂರುತ್ತದೆ.

ಇನ್ನು ಬಜೆಟ್. ಕಟ್ಟಡ ಕೇಳುವ ಚಪಲ ಬಿಡಿ. ಈ ಕೋರ್ಸಿಗೆ ಬರುವವರಲ್ಲಿ ಹಲವರು ಈಗಾಗಲೇ ದುಡಿಯುತ್ತಿರುವವರು, ಮನೆ ನಡೆಸುವವರು. ಅವರನ್ನು ತಡೆಯುವುದು ಶುಲ್ಕಕ್ಕಿಂತ ಹೆಚ್ಚಾಗಿ ತಪ್ಪಿಹೋಗುವ ಸಂಬಳ. ಹಾಗಾಗಿ ಸ್ಟೈಪೆಂಡ್ ಮೊದಲ ಸಾಲಿನಲ್ಲಿರಲಿ. ಉದಾಹರಣೆಗೆ 20 ಮಂದಿಗೆ ತಿಂಗಳಿಗೆ 10,000 ರೂಪಾಯಿಯಂತೆ ವರ್ಷಕ್ಕೆ 24 ಲಕ್ಷ, ತಲಾ 50,000 ಶುಲ್ಕವೆಂದರೆ ಇನ್ನೊಂದು 10 ಲಕ್ಷ. ಸ್ಟೈಪೆಂಡ್ ಕೇಳುವುದು ವಿಚಿತ್ರವೇನಲ್ಲ. ಅಮೆರಿಕದಲ್ಲಿ 1970ರ ಕಾನೂನೇ ಈ ವೃತ್ತಿಗೆ ಜನರನ್ನು ತಯಾರು ಮಾಡುವ ಹೊಣೆಯನ್ನು ಸರ್ಕಾರಕ್ಕೆ ಹೊರಿಸಿದೆ. ಕೆಲಸದ ಜಾಗದ ಸುರಕ್ಷತೆ, ಆರೋಗ್ಯದ ಸಂಶೋಧನೆ ನಡೆಸುವ ಅಲ್ಲಿನ ಸರ್ಕಾರಿ ಸಂಸ್ಥೆ ನಯಾಶ್ (NIOSH) ವಿಶ್ವವಿದ್ಯಾಲಯಗಳಿಗೆ ಕೊಡುವ ಅನುದಾನದಲ್ಲಿ ಶುಲ್ಕದ ಜೊತೆ ಸ್ಟೈಪೆಂಡೂ ಸೇರಿರುತ್ತದೆ. (ವಿದ್ಯಾರ್ಥಿ ವೀಸಾದಲ್ಲಿ ಹೋದ ನಮ್ಮ ಹುಡುಗರಿಗೆ ಅದು ದಕ್ಕದು. ಅಲ್ಲಿನ ಪೌರರಿಗೆ, ಕಾಯಂ ನಿವಾಸಿಗಳಿಗೆ ಮಾತ್ರ.)

ಆಮೇಲೆ ಉಪಕರಣ: ಶಬ್ದ ಅಳೆಯುವ ಮೀಟರ್, ಸೊಂಟಕ್ಕೆ ಕಟ್ಟಿಕೊಂಡು ದೂಳಿನ ಮಾದರಿ ಹಿಡಿಯುವ ಪಂಪ್, ಬೆಳಕು ಅಳೆಯುವ ಲಕ್ಸ್ ಮೀಟರ್, ಗ್ಯಾಸ್ ಡಿಟೆಕ್ಟರ್, ಎತ್ತರದ ಕೆಲಸದಲ್ಲಿ ಬೀಳದಂತೆ ಮೈಗೆ ಕಟ್ಟಿಕೊಳ್ಳುವ ಹಾರ್ನೆಸ್. ಮೂರು ಕೊಟೇಷನ್ ಲಗತ್ತಿಸಿ. ಖರೀದಿ ನಿಮ್ಮ ಟ್ರಸ್ಟಿನ ಹೆಸರಿನಲ್ಲೇ ಆಗಬೇಕು. ಸಿಎಸ್‌ಆರ್ ಹಣದ ಆಸ್ತಿ ಕಂಪನಿಯ ಹೆಸರಿನಲ್ಲಿ ಉಳಿಯುವಂತಿಲ್ಲ. ಶಿಕ್ಷಕರ ಸಂಬಳ ಕೇಳಲು ಹಿಂಜರಿಯುವವರಿದ್ದಾರೆ, ಆಡಳಿತ ವೆಚ್ಚಕ್ಕೆ ಶೇ 5ರ ಮಿತಿ ಇದೆಯಲ್ಲ ಎಂದು. ಆ ಮಿತಿ ಕಂಪನಿ ತನ್ನ ಸಿಎಸ್‌ಆರ್ ವಿಭಾಗ ನಡೆಸುವ ಖರ್ಚಿಗೆ. ಪಾಠ ಮಾಡುವವರ ಸಂಬಳ ಯೋಜನೆಯದೇ ವೆಚ್ಚ.

ಪ್ರಸ್ತಾವದಲ್ಲಿ ಕನ್ನಡದಲ್ಲಿ ಪಾಠ ಎಂದೂ ಸೇರಿಸಿ. ಸುರಕ್ಷತಾ ಅಧಿಕಾರಿಗೆ ಆ ಪ್ರದೇಶದ ಹೆಚ್ಚಿನ ಕಾರ್ಮಿಕರ ಭಾಷೆ ಗೊತ್ತಿರಬೇಕೆಂದು ಹಳೆಯ ಫ್ಯಾಕ್ಟರಿ ಕಾಯ್ದೆಯ ಮಾದರಿ ನಿಯಮಗಳೇ ಹೇಳಿದ್ದವು. ಒಡಿಶಾ, ಬಿಹಾರದವರು ತುಂಬಿರುವ ಕಾಮಗಾರಿಗೆ ಹೋಗುವವರಿಗೆ ಒಂದಿಷ್ಟು ಹಿಂದಿಯೂ ಬೇಕು, ಅದು ಬೇರೆ ಮಾತು.

ಹೊತ್ತು ನೋಡಿ ಹೋಗಿ. ಏಪ್ರಿಲಿನಿಂದ ಹೊಸ ಲೆಕ್ಕ ಶುರು, ಹಾಗಾಗಿ ವಾರ್ಷಿಕ ಯೋಜನೆ ಬರೆಯುವ ಮುಂಚೆ, ಜನವರಿ-ಫೆಬ್ರುವರಿಯಲ್ಲಿ ಪ್ರಸ್ತಾವ ಅವರ ಮೇಜಿನ ಮೇಲಿರಲಿ. ‘ಮುಂದುವರಿಯುವ ಯೋಜನೆ’ ಎಂದೇ ಮಂಜೂರು ಮಾಡಿಸಿಕೊಳ್ಳಿ. ಆಗ ಶುರುವಾದ ವರ್ಷ ಬಿಟ್ಟು ಇನ್ನೂ ಮೂರು ಹಣಕಾಸು ವರ್ಷದವರೆಗೆ ನಡೆಸಬಹುದು; ಉಳಿದ ಹಣ ಏಪ್ರಿಲ್ 30ರೊಳಗೆ ಪ್ರತ್ಯೇಕ ಖಾತೆಗೆ ಹೋಗಿ ನಿಮ್ಮ ಯೋಜನೆಗೇ ಕಾದಿರುತ್ತದೆ. ಜೂನ್-ಜುಲೈನಲ್ಲಿ ಆರಂಭವಾಗುವ ಕೋರ್ಸು ಮಾರ್ಚ್ 31ಕ್ಕೆ ಹೇಗೂ ಮುಗಿದಿರುವುದಿಲ್ಲವಲ್ಲ.