140 ಕೀಗಳ ಕಾನ್ಫಿಗ್ ಫೈಲ್ 9ಕ್ಕೆ ಇಳಿಯಿತು: ನನ್ನ ಅನುಭವ

ನಮ್ಮ ಡೇಟಾ ಇಂಪೋರ್ಟ್ ಸರ್ವೀಸ್‌ನ ಯಾಮಲ್ (ಸೆಟ್ಟಿಂಗ್ ಬರೆಯುವ ಒಂದು ಪಠ್ಯ ರೂಪ) ಫೈಲ್‌ನಲ್ಲಿ ಸುಮಾರು 140 ಕೀಗಳು, ಅಂದರೆ ಸೆಟ್ಟಿಂಗ್ ಹೆಸರುಗಳು, ಇದ್ದವು. ಈಗ ಇರುವುದು 9. ಉಳಿದವಕ್ಕೆ ಡಿಫಾಲ್ಟ್ (ಫೈಲ್‌ನಲ್ಲಿ ಬರೆಯದಿದ್ದಾಗ ಬಳಸುವ ಮೌಲ್ಯ) ಇದೆ, ಇಲ್ಲವೇ ಪ್ರೋಗ್ರಾಮ್ ತಾನೇ ಲೆಕ್ಕ ಹಾಕುತ್ತದೆ. "ಡಿಫಾಲ್ಟ್ ನಂಬಿಕೊಂಡು ಪ್ರೊಡಕ್ಷನ್ ನಡೆಸೋಕಾಗುತ್ತಾ?" ಎಂದು ಟೀಮ್‌ನವರೆಲ್ಲ ಮೂಗು ಮುರಿದಿದ್ದರು. ಎಂಟು ತಿಂಗಳಾಯಿತು, ಒಂದು ಸಲವೂ ಹಳೆಯ ಫೈಲ್‌ಗೆ ವಾಪಸ್ ಹೋಗಿಲ್ಲ.

ಹಳೆಯದನ್ನು ಮುಟ್ಟಲು ಎಲ್ಲರಿಗೂ ಭಯ. ಒಮ್ಮೆ ದೇಶಗಳ ಪಟ್ಟಿಗೆ ನಾರ್ವೆ ಸೇರಿಸಿದೆವು. ಕೋಡ್ ಎನ್‌ಓ, ಕೋಟ್ಸ್ ಹಾಕಿರಲಿಲ್ಲ. ಫೈಲ್ ಓದುವ ನಮ್ಮ ಪಾರ್ಸರ್ ಯಾಮಲ್ 1.1ರದ್ದು, ಅದು ಇಂಗ್ಲಿಷಿನ "ನೋ" ಎಂದುಕೊಂಡು ಫಾಲ್ಸ್ (ಅಲ್ಲ) ಎಂದು ಓದಿಕೊಂಡಿತು. ಎರಡು ದಿನ ನಾರ್ವೆಯ ರೆಕಾರ್ಡ್‌ಗಳೆಲ್ಲ ಸದ್ದಿಲ್ಲದೆ ಬಿಟ್ಟುಹೋದವು. ಇದನ್ನು ಕಿತ್ತುಹಾಕಲೇಬೇಕು ಅಂತ ಅವತ್ತೇ ತೀರ್ಮಾನಿಸಿದೆ.

ಮೊದಲ ಪ್ರಯತ್ನ ಕೈಕೊಟ್ಟಿತು. ಪ್ರೊಸೆಸರ್‌ನಲ್ಲಿ ಎಷ್ಟು ಕೋರ್ ಇದೆ ಅಂತ ಎಣಿಸಿ ಅಷ್ಟೇ ವರ್ಕರ್ (ಒಟ್ಟಿಗೆ ಕೆಲಸ ಮಾಡುವ ಪ್ರೋಸೆಸ್) ಎಬ್ಬಿಸಲಿ ಎಂದು ಬರೆದೆ. ಲ್ಯಾಪ್‌ಟಾಪ್‌ನಲ್ಲಿ ಚೆನ್ನಾಗಿತ್ತು. ಆದರೆ ಸರ್ವೀಸ್ ಓಡುವ ಕಂಟೇನರ್‌ಗೆ (ಮಷೀನ್‌ನ ಒಂದು ಪಾಲು ಮಾತ್ರ ಸಿಗುವ ಪ್ರತ್ಯೇಕ ಆವರಣ) ಕೊಟ್ಟಿದ್ದು 2 ಸಿಪಿಯು, ಪೈಥಾನ್ ಎಣಿಸಿದ್ದು ಹೋಸ್ಟ್‌ನ, ಅಂದರೆ ಇಡೀ ಮಷೀನ್‌ನ, 64 ಕೋರ್. 64 ವರ್ಕರ್ ಎದ್ದವು, ಮೆಮೊರಿ ಮಿತಿ ದಾಟಿತು, ಕರ್ನಲ್ (ಆಪರೇಟಿಂಗ್ ಸಿಸ್ಟಮ್‌ನ ತಿರುಳು) ಸರ್ವೀಸನ್ನು ಕೊಂದಿತು. ಮತ್ತೆ ಎದ್ದಿತು, ಮತ್ತೆ ಸತ್ತಿತು. ಬೇಕಾದಾಗ ಮಷೀನ್ ಹೆಚ್ಚಿಸುವ ಆಟೋಸ್ಕೇಲರ್ ಇನ್ನಷ್ಟು ಮಷೀನ್ ತಂದು ನಿಲ್ಲಿಸಿತು. ಶುಕ್ರವಾರ ಸಂಜೆ ಹಾಕಿದ್ದು, ನೋಡಿದ್ದು ಸೋಮವಾರ. ಆ ತಿಂಗಳ ಕ್ಲೌಡ್ ಬಿಲ್ ಹೆಚ್ಚುಕಡಿಮೆ ಎರಡೂವರೆ ಪಟ್ಟು. ಉತ್ತರ ಹೇಳಬೇಕಾದವನು ನಾನೇ. ಈಗ ಸಿಗ್ರೂಪ್ ಮಿತಿಯನ್ನೇ (ಲಿನಕ್ಸ್ ಕಂಟೇನರ್‌ಗೆ ಹಾಕುವ ಸಿಪಿಯು, ಮೆಮೊರಿ ಮಿತಿ) ಓದಿ ಲೆಕ್ಕ ಹಾಕುತ್ತೇನೆ. ಜಾವಾದವರೂ ಇದೇ ಗುಂಡಿಗೆ ಬಿದ್ದು ಎದ್ದವರು. 2018ರ ಜಾವಾ 10ರಿಂದ ಜೆವಿಎಂ (ಜಾವಾ ಪ್ರೋಗ್ರಾಮ್ ಓಡಿಸುವ ತಂತ್ರಾಂಶ) ತಾನೇ ಕಂಟೇನರ್ ಮಿತಿ ನೋಡಿಕೊಳ್ಳುತ್ತದೆ.

ಮಧ್ಯೆ ಇನ್ನೊಂದು ಪ್ರಯೋಗ ಮಾಡಿದೆ. ಡೇಟಾಬೇಸ್ ನಿಧಾನವಾದರೆ ಬ್ಯಾಚ್ ಸೈಜ್ (ಒಂದು ಸಲಕ್ಕೆ ಬರೆಯುವ ರೆಕಾರ್ಡ್‌ಗಳ ಸಂಖ್ಯೆ) ತಾನೇ ಇಳಿಯಬೇಕು, ಚುರುಕಾದರೆ ಏರಬೇಕು. ಆದರೆ ಎರಡು ಇನ್‌ಸ್ಟೆನ್ಸ್ (ಓಡುತ್ತಿರುವ ಸರ್ವೀಸ್‌ನ ಪ್ರತಿಗಳು) ಒಂದೇ ಡೇಟಾಬೇಸ್‌ಗೆ ಬರೆಯುವಾಗ ಒಂದು ಇಳಿಸಿದಾಗ ಇನ್ನೊಂದು ಏರಿಸುತ್ತಿತ್ತು. ಬಗ್ ಬಂದರೆ ಆಗ ಬ್ಯಾಚ್ ಎಷ್ಟಿತ್ತು ಅಂತಲೇ ಗೊತ್ತಾಗುತ್ತಿರಲಿಲ್ಲ. ಮೂರು ವಾರದ ಕೆಲಸ ಕಸದಬುಟ್ಟಿಗೆ ಹೋಯಿತು. ಈಗ ಎಲ್ಲ ಲೆಕ್ಕವೂ ಸ್ಟಾರ್ಟ್ ಆಗುವಾಗ ಒಂದೇ ಸಲ, ಆಮೇಲೆ ಬದಲಾಗುವುದಿಲ್ಲ.

ಟೀಮ್ ಒಪ್ಪಿದ್ದು ಲಾಗ್ ನೋಡಿದ ಮೇಲೆ. ಸ್ಟಾರ್ಟ್ ಆದ ತಕ್ಷಣ ಸರ್ವೀಸ್ ಪ್ರತಿ ಸೆಟ್ಟಿಂಗ್‌ನ ಮೌಲ್ಯವೂ ಎಲ್ಲಿಂದ ಬಂತು ಎಂದು ಅದರಲ್ಲಿ ಬರೆಯುತ್ತದೆ:

ವರ್ಕರ್ 2, ಸಿಗ್ರೂಪ್‌ನಿಂದ
ಬ್ಯಾಚ್ 500, ಡಿಫಾಲ್ಟ್
ರೆಕಾರ್ಡ್ ಇಡುವ ಅವಧಿ 90 ದಿನ, ಫೈಲ್‌ನ 4ನೇ ಸಾಲು

ಆ ಕೊನೆಯದಕ್ಕೆ ಡಿಫಾಲ್ಟ್ ಕೊಟ್ಟಿಲ್ಲ. ಡೇಟಾ ಯಾವಾಗ ಅಳಿಸಬೇಕು ಅಂತ ಪ್ರೋಗ್ರಾಮ್ ಊಹಿಸುವುದು ತಪ್ಪು, ಅಲ್ವಾ? ಕೀ ಇಲ್ಲದಿದ್ದರೆ ಸ್ಟಾರ್ಟ್ ಆಗುವುದೇ ಇಲ್ಲ. ಸ್ಪೆಲಿಂಗ್ ತಪ್ಪಿದ ಕೀ ಕಂಡರೂ ಅಷ್ಟೇ, ಸುಮ್ನೆ ದಾಟಿ ಹೋಗುವುದಿಲ್ಲ. ರಾತ್ರಿ ಆನ್‌ಕಾಲ್ (ತೊಂದರೆಯಾದರೆ ನೋಡಿಕೊಳ್ಳುವ ಪಾಳಿ) ಇದ್ದವರು ನನಗೆ ಫೋನ್ ಮಾಡುವುದು ಬಹಳ ಕಡಿಮೆಯಾಗಿದೆ.

9ರಲ್ಲಿ ಕನೆಕ್ಷನ್ ಪೂಲ್ ಸೈಜ್ (ಡೇಟಾಬೇಸ್‌ಗೆ ತೆರೆದಿಟ್ಟುಕೊಳ್ಳುವ ಕನೆಕ್ಷನ್‌ಗಳ ಸಂಖ್ಯೆ) ಮಾತ್ರ ಇನ್ನೂ ಕಣ್ಣಿಗೆ ಚುಚ್ಚುತ್ತಿದೆ. ಪೋಸ್ಟ್‌ಗ್ರೆಸ್ ಡೇಟಾಬೇಸ್ ಡಿಫಾಲ್ಟ್ ಆಗಿ ಕೊಡುವುದು 100 ಕನೆಕ್ಷನ್. ಅದನ್ನು ಎಷ್ಟು ಇನ್‌ಸ್ಟೆನ್ಸ್ ಹಂಚಿಕೊಳ್ಳುತ್ತಿವೆ ಎಂದು ಒಳಗಿರುವ ಒಂದಕ್ಕೆ ತಿಳಿಯುವುದಿಲ್ಲ. ಸದ್ಯಕ್ಕೆ ಅದು ಫೈಲ್‌ನಲ್ಲೇ ಇದೆ.